‘ಹಿತಶತ್ರು’ ಅಂದರೆ ಯಾರು? ದ್ರೋಹಿ ಅಂತಲೇ ಅರ್ಥವಾ?

ಪೂರ್ತಿ ಅಲ್ಲ. ಹಿತ ಬಯಸುವವನ ಹಾಗೆ ಜೊತೆಗಿದ್ದು, ಒಳಗೊಳಗೇ ಕೆಡುಕು ಮಾಡುವವನು ಹಿತಶತ್ರು.

ದ್ರೋಹಿ ಅನ್ನುವುದು ಸಾಮಾನ್ಯವಾಗಿ ಮೋಸ ಬಯಲಾದ ಮೇಲೆ. ಹಿತಶತ್ರು ಇನ್ನೂ ನಗುತ್ತಾ ಪಕ್ಕದಲ್ಲೇ ಇರಬಹುದು. ಅಪಾಯ ಇರುವುದು ಅಲ್ಲೇ. ‘ಅವನ ಕೆಲಸ ಕೆಡಿಸಿದ್ದು ಎದುರಾಳಿಗಳಲ್ಲ, ಹಿತಶತ್ರುಗಳು’ ಅಂತ ಬಳಸಬಹುದು. ರಾಜಕೀಯ ಸುದ್ದಿಯಲ್ಲಂತೂ ಈ ಪದ ಜಾಸ್ತಿನೇ ಕಾಣುತ್ತದೆ!

ಎದುರಿಗೇ ಜಗಳಕ್ಕೆ ನಿಲ್ಲುವವನನ್ನು ಹಿತಶತ್ರು ಅನ್ನಬೇಡಿ. ಅವನು ಬರೀ ಶತ್ರು.

‘ಗೋಮುಖವ್ಯಾಘ್ರ’ ಇದಕ್ಕೆ ಹತ್ತಿರದ ಪದ: ಹಸುವಿನ ಮುಖದ ಹುಲಿ. ಆದರೆ ಅಲ್ಲಿ ಒತ್ತು ಸಾಧು ವೇಷದ ಮೇಲೆ. ಅಪರಿಚಿತನೂ ಗೋಮುಖವ್ಯಾಘ್ರ ಆಗಬಹುದು. ಹಿತಶತ್ರು ಆಗಲು ಮೊದಲು ನಿಮ್ಮವನಾಗಿರಬೇಕು, ಅಲ್ವಾ?