ಆ ಹಲಸಿನ ಮಂಗಟ್ಟೆಗೆ ಈಗಲೇ ಫೆವಿಕಾಲ್ ತುಂಬಬೇಡಿ

ಹಲಸಿನ ಮರದಲ್ಲಿ ಕೆತ್ತಿದ ಮಂಗಟ್ಟೆ ಹಕ್ಕಿಯ ಫೋಟೋ ಹಾಕಿದ ಕಾರ್ಕಳದ ಅಣ್ಣ, ಅದರ ಬಿರುಕಿಗೆ ಫೆವಿಕಾಲ್ ಮತ್ತು ಮರದ ಹುಡಿ ಕಲಸಿದ ಪುಟ್ಟಿ ತುಂಬುತ್ತೇನೆ, ಮೇಲೆ ಮೆಲಮೈನ್ ವಾರ್ನಿಶ್ ಹೊಡೆದು, ಕಂಚಿನ ಪ್ರತಿ ಎರಕ ಹೊಯ್ಯಲು ಅಚ್ಚು ತೆಗೆಸುತ್ತೇನೆ ಅಂತ ಬರೆದಿದ್ದೀರಲ್ಲ, ಸ್ವಲ್ಪ ತಡೆಯಿರಿ ಮಾರಾಯ್ರೆ. ನಾನೂ ಹಿಂದೆ ಇದನ್ನೇ ಮಾಡಿ ಒಂದು ಒಳ್ಳೆಯ ಹಲಸಿನ ತುಂಡು ಕಳೆದುಕೊಂಡಿದ್ದೇನೆ.

ನಿಮ್ಮ ಎರಡನೇ ಫೋಟೋದಲ್ಲಿ ಬುಡ ಕಾಣುತ್ತದೆ. ದಿಮ್ಮಿಯ ತಿರುಳು ನಟ್ಟನಡುವೆ ಇದೆ, ಬಿರುಕು ಅಲ್ಲಿಂದಲೇ ಹೊರಟು ಎದೆಯವರೆಗೆ ಬಂದಿದೆ. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು 2 ಪಟ್ಟು. ಹಸಿ ದಿಮ್ಮಿಯನ್ನು ಇಡಿಯಾಗಿ ಇಟ್ಟುಕೊಂಡರೆ ಎಲ್ಲಾದರೂ ಬಿರಿಯಲೇಬೇಕು. ಈಗ ಪುಟ್ಟಿ ತುಂಬಿದರೆ ಜೂನ್‌ನಲ್ಲಿ ಮರ ಉಬ್ಬಿ ಬಿರುಕು ಮುಚ್ಚಲು ನೋಡುತ್ತದೆ, ಪುಟ್ಟಿ ಬಿಡುವುದಿಲ್ಲ, ಅಂಚು ಜಜ್ಜಿಹೋಗುತ್ತದೆ. ಮುಂದಿನ ಮಾರ್ಚಿಗೆ ಇನ್ನೂ ಜಾಸ್ತಿ ಬಾಯಿ ಬಿಡುತ್ತದೆ. ಫೆವಿಕಾಲ್ ಅಂಟಿಸಲು ಒಳ್ಳೆಯದು, ತುಂಬಲು ಅಲ್ಲ.

ಮೊದಲು ಬುಡದಿಂದ ತಿರುಳು ಕೊರೆದು ಒಳಗೆ ಟೊಳ್ಳು ಮಾಡಿ. ಗೋಡೆ ಎರಡು ಬೆರಳು ದಪ್ಪ ಉಳಿದರೆ ಸಾಕು. ಅಡ್ಡ ಕೊಯ್ದ ತುದಿಗಳಿಗೆಲ್ಲ ಕರಗಿಸಿದ ಮೇಣ ಬಳಿಯಿರಿ. ಆಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ದಿನಾ ಒಮ್ಮೆ ಚೀಲದ ಒಳಮೈ ಹೊರಗೆ ಮಾಡಿ ಪುನಃ ಹಾಕಿ. ಒಳಗೆ ಬೆವರು ಕಟ್ಟುವುದು ನಿಂತ ಮೇಲೆ ಚೀಲ ತೆಗೆದು ನೆರಳಿನಲ್ಲಿಡಿ. ಬೂಷ್ಟು ಬಂದರೆ ಒರೆಸಿ, ಹೆದರಬೇಡಿ, ಆದರೆ ಬಿಸಿಲಿಗೆ ಮಾತ್ರ ಇಡಬೇಡಿ. ವಾರಕ್ಕೊಮ್ಮೆ ತೂಕ ಮಾಡಿ, ಬುಡದಲ್ಲೇ ಪೆನ್ಸಿಲ್‌ನಿಂದ ಬರೆದಿಡಿ. ತೂಕ ಇಳಿಯುವುದು ನಿಲ್ಲುವವರೆಗೆ ಉಳಿ ಮುಟ್ಟಬಾರದು. ಮಳೆಗಾಲದ ತೂಕ ನಂಬಬೇಡಿ, ನಮ್ಮ ಗಾಳಿಯಲ್ಲಿ ಒಣಗಿದ ಮರವೂ ನೀರು ಕುಡಿಯುತ್ತದೆ. ಬೆಂಗಳೂರಿನ ಎಸಿ ಮನೆಗೆ ಹೋಗುವ ಕೆಲಸವಾದರೆ ಅಲ್ಲಿ ಮತ್ತೆ ಕುಗ್ಗುತ್ತದೆ, ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ಇಷ್ಟೆಲ್ಲ ಆದ ಮೇಲೂ ಬಿರುಕು ಉಳಿದರೆ ಅದೇ ಮರದ ತೆಳ್ಳಗಿನ ಚಕ್ಕೆ ಕೂರಿಸಿ, ಒಂದೇ ಬದಿಗೆ ಅಂಟು ಹಾಕಿ.

ಕಂಚೇ ಮುಖ್ಯ ಅಂತಾದರೆ ಮರದ ಬಿರುಕು ಮುಚ್ಚುವ ಅಗತ್ಯವೇ ಇಲ್ಲ, ಅಲ್ವಾ? ಅಚ್ಚು ತೆಗೆಯುವಷ್ಟು ಹೊತ್ತು ಮಾಡೆಲಿಂಗ್ ಕ್ಲೇ ತುಂಬಿ, ಆಮೇಲೆ ಕಿತ್ತುಹಾಕಿ. ಉಳಿದ ಗೆರೆಯನ್ನು, ಎರಕಕ್ಕೆ ಮೊದಲು ಅಚ್ಚಿನಿಂದ ತೆಗೆಯುವ ಮೇಣದ ಪ್ರತಿಯಲ್ಲೇ ಬಿಸಿ ಚಾಕುವಿನಿಂದ ಸರಿ ಮಾಡಬಹುದು. ಗಂಧಕ ಇರುವ ಕ್ಲೇ ಬೇಡ, ಅಚ್ಚು ತೆಗೆಯುವ ಪ್ಲಾಟಿನಂ ಸಿಲಿಕೋನ್ ರಬ್ಬರ್ ಅದರ ಮೇಲೆ ಗಟ್ಟಿಯಾಗುವುದಿಲ್ಲ. ಮೆಲಮೈನ್ ಸುಮ್ನೆ ದಂಡ, ದಪ್ಪಗೆ ಹೊಡೆದರೆ ರೆಕ್ಕೆಯ ಮೇಲಿನ ಅಷ್ಟು ಚೆಂದದ ಉಳಿಗೆರೆ ತುಂಬಿಹೋಗುತ್ತದೆ. ಅಚ್ಚು ತೆಗೆಯಲು ತೆಳ್ಳಗೆ ಅರಗಿನ ಪಾಲಿಶ್ ಸಾಕು. ಕಂಚಿನಲ್ಲಿ ಸಣ್ಣ ಗೆರೆ ನಿಲ್ಲುತ್ತದಾ ಅಂತ ಸಂಶಯ ಇದ್ದರೆ ಮಂಗಳೂರಿನ ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರನನ್ನು ನೋಡಿ ಬನ್ನಿ, ಪೀಠದ ಶಾಸನ ಕ್ರಿ.ಶ. 968ರದ್ದು. ಮಿಯಾರಿನ ಸಿ.ಇ. ಕಾಮತ್ ತರಬೇತಿ ಸಂಸ್ಥೆಯಂತೂ ನಿಮ್ಮ ಊರಲ್ಲೇ ಇದೆ, ಮರ, ಕಲ್ಲು, ಲೋಹ ಮೂರರ ಕೆಲಸವೂ ಅಲ್ಲಿದೆ. ಒಮ್ಮೆ ಹೋಗಿ ಕೇಳಲು ಏನು ಸಂಕೋಚ?

ಇನ್ನು ನಿಮ್ಮ ಫೋಟೋದ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಮರಕ್ಕೆ ತೆಂಗಿನೆಣ್ಣೆ ಹಚ್ಚಿ ಅಂದಿದ್ದಾರೆ. ಬೇಡ, ಅದು ಒಣಗುವ ಎಣ್ಣೆ ಅಲ್ಲ, ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಹಚ್ಚಿ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹಿಡಿಯಬಹುದು. ಹರಡಿ ಒಣಗಿಸಿ. ಕಂಚನ್ನು ಹಬ್ಬದ ದೀಪ ತಿಕ್ಕಿದ ಹಾಗೆ ಹುಣಸೆಹುಳಿ ಹಾಕಿ ತಿಕ್ಕಬೇಡಿ, ಕೊಟ್ಟ ಬಣ್ಣವೆಲ್ಲ ಹೋಗುತ್ತದೆ. ಕಡಲ ಹತ್ತಿರದ ಮನೆಯಾದರೆ ಉಪ್ಪು ಗಾಳಿಗೆ ಮೇಣದ ತೆಳು ಲೇಪ ಇರಲಿ. ಪೀಠಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಸುತ್ತ ಕಪ್ಪು ಕಲೆ ಬರುತ್ತದೆ, ಹಿತ್ತಾಳೆ ಸ್ಕ್ರೂ ಹಾಕಿ.