ಗೋಮಾಳಕ್ಕೆ ಸಸಿ ಬೇಡ, ಸ್ವಾಮಿ

ಪತ್ರ: ನಮ್ಮೂರಿನ ಗೋಮಾಳ ಬೋಳಾಗಿ ಬಿದ್ದಿದೆ. ಯುವಕ ಸಂಘದವರು ಸಾವಿರ ಸಸಿ ನೆಡಲು ಹೊರಟರೆ ಕುರಿಗಾಹಿಗಳು ಅಡ್ಡ ನಿಂತಿದ್ದಾರೆ. ಪರಿಸರದ ಬಗ್ಗೆ ಇಷ್ಟೆಲ್ಲ ಬರೆಯುವ ನೀವು ಇಂಥವರಿಗೆ ನಾಲ್ಕು ಬುದ್ಧಿಮಾತು ಹೇಳಬಾರದೇ?
– ಹೆಸರು ಬೇಡವೆಂದ ಓದುಗರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಹೇಳುತ್ತೇನೆ, ಆದರೆ ಕುರಿಗಾಹಿಗಳಿಗಲ್ಲ.

ಮೊಬೈಲ್ ಬದಿಗಿಟ್ಟು ಗುದ್ದಲಿ ಹಿಡಿಯುವ ಹುಡುಗರು ಎಲ್ಲ ಊರಿಗೂ ಸಿಗುವುದಿಲ್ಲ. ನಿಮ್ಮ ಸಂಘ ದೊಡ್ಡದಾಗಲಿ. ಮರ ಬೇಕು, ನೆರಳು ಬೇಕು, ತಕರಾರಿಲ್ಲ. ಹುಲಿಕಲ್‌ನಿಂದ ಕುದೂರಿನ ಹಾದಿಯುದ್ದಕ್ಕೂ ಆಲದ ಸಾಲು ಬೆಳೆಸಿದ ತಿಮ್ಮಕ್ಕನವರಿಗೆ ಕೈಮುಗಿಯದವರು ಯಾರು? ಆದರೆ ಆ ತಾಯಿ ನೆಟ್ಟದ್ದು ರಸ್ತೆಯ ಬದಿಗೆ, ದನಕುರಿ ಮೇಯುವ ಬಯಲಿಗಲ್ಲ.

ಬೋಳು ಎಂದಿರಲ್ಲ, ಯಾವ ತಿಂಗಳಲ್ಲಿ ನೋಡಿದಿರಿ? ಮುಂಗಾರಿನ ಎರಡು ಹದಮಳೆ ಬಿದ್ದ ಮೇಲೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು ಹುಲ್ಲಿನ ಒಂದು ಬುಡವನ್ನು ಬಿಡಿಸಿ ನೋಡಿ. ಎಳೆಯ ಚಿಗುರು ಏಳುವುದು ಮಣ್ಣಿಗೆ ಅಂಟಿದ ಆ ಬುಡದಿಂದ. ಕುರಿ ಮೇಲಿನದನ್ನು ಕಚ್ಚಿಕೊಂಡು ಹೋದರೂ ಬುಡಕ್ಕೆ ಪೆಟ್ಟಿಲ್ಲ. ತುದಿಯಲ್ಲಿ ಮೊಗ್ಗಿಟ್ಟುಕೊಂಡ ಮರದ ಸಸಿ ಅಷ್ಟು ತಾಳುವುದಿಲ್ಲ. ಕಡಿಮೆ ಮಳೆ, ಉದ್ದನೆಯ ಬೇಸಿಗೆ, ಮೇಯುವ ಬಾಯಿ, ಈ ಮೂರೂ ಸೇರಿ ಅಲ್ಲಿ ಮರವನ್ನು ದೂರವಿಟ್ಟು ಹುಲ್ಲನ್ನು ಉಳಿಸಿವೆ. ಹುಲ್ಲಿನ ಗಳಿಕೆಯ ಬಹುಪಾಲು ನಮ್ಮ ಕಣ್ಣಿಗೆ ಬೀಳದ ಬೇರಿನಲ್ಲಿದೆ. ಹಳೆಯ ಬೇರು ಕೊಳೆತು ಮಣ್ಣಿಗೆ ಇಂಗಾಲ ಸೇರುತ್ತದೆ, ಆ ಸಂದಿನಲ್ಲಿ ಮಳೆನೀರು ಇಳಿಯುತ್ತದೆ. ಸಗಣಿ ಬಿದ್ದಲ್ಲಿ ಸಗಣಿಹುಳು ಬಂದು ಹೂಳುತ್ತದೆ, ಒಣಹುಲ್ಲನ್ನು ಗೆದ್ದಲು ಮಣ್ಣೊಳಗೆ ಎಳೆಯುತ್ತದೆ. ಮೇದದ್ದು ಹೀಗೆ ಅದೇ ಬೇರಿಗೆ ಮರಳುತ್ತದೆ.

ಹುಲ್ಲಿನ ಜಾಗಕ್ಕೆ ಮರ ಬಂದರೆ ಏನಾಗುತ್ತದೆಂದು ತಿಳಿಯಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೊಮೀಟರ್. ಅದರ ಬಹುಭಾಗಕ್ಕೆ ನೀಲಗಿರಿ ಹಾಕಿಬಿಟ್ಟರು. ಕೃಷ್ಣಮೃಗ ಬದುಕುವುದು ಕಣ್ಣು ಮತ್ತು ಕಾಲಿನ ಬಲದಿಂದ: ತೋಳ ದೂರದಲ್ಲೇ ಕಾಣಬೇಕು, ಕಂಡೊಡನೆ ಓಡಲು ಬಯಲಿರಬೇಕು. ಒಮ್ಮೆ ಅಂಥ ತೋಪಿನಲ್ಲಿ ಕುರಿಗಾಹಿಯೊಬ್ಬರ ಜೊತೆ ನಡೆದಿದ್ದೆ. ಕಾಲ ಕೆಳಗೆಲ್ಲ ಚರಚರ ಎನ್ನುವ ಒಣಎಲೆ. ಅವರು ಕೋಲಿನಿಂದ ಸರಿಸಿ ತೋರಿಸಿದರು, ಕೆಳಗೆ ಹುಲ್ಲಿನ ಒಂದೆಸಳೂ ಇಲ್ಲ. "ಇಲ್ಲಿ ಕುರಿ ನಿಲ್ಲುವುದಿಲ್ಲ, ದಾಟಿ ಹೋಗುತ್ತವೆ" ಎಂದರು. ಕೃಷ್ಣಮೃಗಗಳೂ ದಾಟುತ್ತವೆ, ಸುತ್ತಲಿನ ಗೋವಿನಜೋಳದ ಹೊಲಗಳಿಗೆ. ಬೈಗುಳ ಮಾತ್ರ ಅವುಗಳಿಗೆ, ನೀಲಗಿರಿ ನೆಟ್ಟವರಿಗಲ್ಲ! ಇದೇ ಸೀಮೆಯಲ್ಲಿ ಓಡಾಡುತ್ತಿದ್ದ ಹುಲ್ಲುಬಯಲಿನ ದೊಡ್ಡ ಹಕ್ಕಿ ಎರೆಭೂತವಂತೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಣ್ಮರೆಯಾಯಿತು.

ನೀಲಗಿರಿಯ ದಾಹ ಬರೀ ರೈತರ ದೂರು ಅಲ್ಲ. ಹೊಸಕೋಟೆಯ ಬಳಿ ವಿಜ್ಞಾನಿಗಳು ಅಳೆದು 1997ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮರಗಳು ಬಳಸಿದ ನೀರು ಅಲ್ಲಿ ಬಿದ್ದ ಮಳೆಯನ್ನೂ ಮೀರಿತ್ತು. ಮಣ್ಣಿನ ಆಳದಲ್ಲಿ ಮೊದಲೇ ಇದ್ದ ತೇವವನ್ನೂ ಅವು ಹೀರಿದ್ದವು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ನಿಮ್ಮ ಸೀಮೆಯ ಕುಸನೂರಿನ ಜನ ಅದಕ್ಕೂ ಮೂವತ್ತು ವರ್ಷ ಮೊದಲೇ, 1987ರಲ್ಲಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದ್ದರು. ಆ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹದ ಬಗ್ಗೆ ನಿಮ್ಮ ಸಂಘದ ಹುಡುಗರಿಗೆ ಯಾರಾದರೂ ಹೇಳಿದ್ದಾರೆಯೇ?

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವ ಆರಂಭಿಸಿದಂದಿನಿಂದ ನಾವು ಪರಿಸರವನ್ನು ಸಸಿಯ ಲೆಕ್ಕದಲ್ಲೇ ಅಳೆಯುತ್ತಿದ್ದೇವೆ. ಎಣಿಸುವುದು ಸುಲಭ, ಫೋಟೊ ತೆಗೆಯುವುದು ಇನ್ನೂ ಸುಲಭ. ಮರುವರ್ಷ ಅದೇ ಗುಂಡಿಗೆ ಹೊಸ ಸಸಿ, ಹೊಸ ಗಣ್ಯರು. ಹುಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮಂತ್ರಿ ಇನ್ನೂ ಹುಟ್ಟಬೇಕು. ಬೆಂಗಳೂರಿನಲ್ಲಿ ರಸ್ತೆಗೆಂದು ಮರ ಕಡಿದರೆ ಮೇಣದಬತ್ತಿ ಹಿಡಿದು ನಿಲ್ಲುತ್ತೇವೆ, ನಿಲ್ಲಬೇಕಾದದ್ದೇ. ಚಳ್ಳಕೆರೆಯ ಅಮೃತಮಹಲ್ ಕಾವಲಿನ, ಅಂದರೆ ಅಮೃತಮಹಲ್ ದನಗಳಿಗೆಂದು ಮೀಸಲಿದ್ದ ಹುಲ್ಲುಗಾವಲಿನ, ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾದಾಗ ಊರಿನವರು ನ್ಯಾಯಾಲಯ, ಹಸಿರು ನ್ಯಾಯಪೀಠ ಎಂದು ಅಲೆದರು. ಆಗ ನಮ್ಮ ಮೇಣದಬತ್ತಿಗಳು ಎಲ್ಲಿದ್ದವು?

ಸಾವಿರ ಸಸಿ ತಂದಾಗಿದ್ದರೆ ಶಾಲೆಯ ಅಂಗಳವಿದೆ, ಸಂತೆಯ ಬಯಲಿದೆ, ಹೊಲದ ಬದುಗಳಿವೆ. ಗುದ್ದಲಿಗೆ ಗೋಮಾಳದಲ್ಲೇ ಕೆಲಸ ಬೇಕೆಂದರೆ ಅಲ್ಲಿ ನುಗ್ಗಿರುವ ಬಳ್ಳಾರಿ ಜಾಲಿಯನ್ನು ಬುಡಸಮೇತ ಅಗೆಯಿರಿ. ಎಲ್ಲಿಂದ ಶುರುಮಾಡಬೇಕೆಂದು ಕುರಿಗಾಹಿಗಳನ್ನೇ ಕೇಳಿ. ಹಿಂಗಾರು ಮುಗಿದ ಮೇಲೆ ಏನಾಯಿತೆಂದು ಬರೆಯಿರಿ, ಅಚ್ಚು ಹಾಕುತ್ತೇನೆ. ಸಸಿ ಹಿಡಿದ ಗಣ್ಯರ ಫೋಟೊ ಮಾತ್ರ ಲಗತ್ತಿಸಬೇಡಿ.