ಕಿತ್ತಳೆ ಕೋಟು, ಕಂಬಳಿ ಕೊಪ್ಪೆ

(ಸಾಗರದ ಹತ್ತಿರದ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗ ಮೂರು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ನವೆಂಬರಿನಲ್ಲಿ ಆಫೀಸಿನ ಗೆಳೆಯನ ಜತೆ ಜಿಂಕೆ ಬೇಟೆಗೆ ಹೋಗುತ್ತಾನಂತೆ. ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಫೋಟೊ ಕಳಿಸಿದ್ದಾನೆ. ನಾವು ಮಾಂಸ ತಿನ್ನದ ಮನೆಯವರು, ಅದು ಬೇರೆ ಜಗಳ. ನನ್ನ ಹೆದರಿಕೆ ಗುಂಡಿನದು. ಕೇಳಿದರೆ 'ಕಾರಲ್ಲಿ ಹೋಗೋದಕ್ಕಿಂತ ಇದು ಸೇಫ್ ಅಮ್ಮ' ಅಂತಾನೆ. ಇದು ನಿಜವಾ, ನನ್ನನ್ನು ಸುಮ್ಮನಾಗಿಸೋಕೆ ಹೇಳಿದ್ದಾ? ಇನ್ನೊಂದು, ಅಷ್ಟು ಢಾಳಾದ ಬಣ್ಣ ಹಾಕಿಕೊಂಡು ಹೋದರೆ ಜಿಂಕೆ ಓಡಿಹೋಗಲ್ವಾ?")

ಅಮ್ಮ, ನಮಸ್ಕಾರ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಮಕ್ಕಳು ಅಮ್ಮಂದಿರಿಗೆ ಹೇಳುವ ನಿಜಗಳ ಹಾಗೆ, ಅರ್ಧವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದಾನೆ. ಆ ಅರ್ಧವನ್ನು ನಾನು ಹೇಳುತ್ತೇನೆ. ನಾನು ಶಿಕಾರಿಯವನಲ್ಲ. ಶಿಕಾರಿ ಮನೆಯಲ್ಲಿ ಹುಟ್ಟಿದವನು, ಅಷ್ಟೆ.

ಮೊದಲು ಒಂದು ಹಳೆಯ ಕತೆ. 1969. ನನಗೆ ಹನ್ನೆರಡು ವರ್ಷ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಆಗಿನ್ನೂ ಬೇಟೆಗೆ ಈಗಿನ ಕಾನೂನಿನ ಅಡ್ಡಿ ಇರಲಿಲ್ಲ. ನಟ್ಟಿ ಮುಗಿದಿತ್ತು. ಮಳೆ ಜಿರ್ರೋ ಅಂತ ಹಿಡಿದಿತ್ತು. ಕೋವಿ ಇದ್ದವರು ಬಿಲ್ಲಿಗೆ, ಅಂದರೆ ಪ್ರಾಣಿ ಓಡಿಬರುವ ದಾರಿ ಕಾಯೋಕೆ, ನಿಂತರು. ಇಲ್ಲದವರು ಹಂದಿ ಎಬ್ಬಿಸೋಕೆ ನಾಯಿ ಬಿಟ್ಟುಕೊಂಡು ಹಳು (ಪೊದೆಗಾಡು) ನುಗ್ಗಿದರು. ನಾನೂ ಮಳೆಗೆ ತಲೆಯಿಂದ ಇಳಿಬಿಡುವ ಕಂಬಳಿ ಕೊಪ್ಪೆ ಹಾಕಿಕೊಂಡು ಹಳುವಿನವರ ಹಿಂದೆ ಹೊರಟೆ. ಎಲ್ಲರೂ ಹೋ ಎಂದು ಕೂಗುತ್ತಾ ಮುಂದೆ ಹೋದರು. ನಾನು ಹಿಂದುಳಿದೆ, ಕಾಲಿಗೆ ಇಂಬಳ (ಜಿಗಣೆ) ಹತ್ತಿತ್ತು. ಪೊದೆಯ ಮರೆಯಲ್ಲಿ ಬಗ್ಗಿ ಅದನ್ನು ಕೀಳುತ್ತಾ ಕೂತೆ. ಕೂಗೋದು ಮರೆತೆ.

ನಲವತ್ತು ಹೆಜ್ಜೆ ದೂರದಲ್ಲಿ ನಮ್ಮ ಚಿಕ್ಕಯ್ಯ ಬಿಲ್ಲಿಗೆ ನಿಂತಿದ್ದರು. ಜೋಡು ನಳಿಗೆ ಕೋವಿ ಎತ್ತಿ ನನಗೇ ಗುರಿ ಹಿಡಿದಿದ್ದರು. ಅಷ್ಟರಲ್ಲಿ ನಮ್ಮ ನಾಯಿ ನನ್ನ ಹತ್ತಿರ ಬಂದು ಬಾಲ ಅಲ್ಲಾಡಿಸಿತು. ಹಂದಿ ಕಂಡರೆ ಯಾವ ನಾಯಿಯೂ ಬಾಲ ಅಲ್ಲಾಡಿಸಲ್ಲ. ಚಿಕ್ಕಯ್ಯ ಕೋವಿ ಇಳಿಸಿದರು. ಆಮೇಲೆ ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಹಂದೀನೇ ಕಂಡಿದ್ದು ಕಣೋ. ಕಿವಿ, ಮೂತಿ ಎಲ್ಲಾ ಕಂಡಿತ್ತು." ಕಂಬಳಿಗೆ ಎಲ್ಲಿಯ ಕಿವಿ? ಆ ರಾತ್ರಿ ಅವರು ಉಣ್ಣಲಿಲ್ಲ. ಮಾರನೇ ವಾರ ಮತ್ತೆ ಶಿಕಾರಿಗೆ ಹೋದರು, ಅದೂ ನಿಜ.

ಬೇಟೆಯಲ್ಲಿ ಮನುಷ್ಯರಿಗೆ ಗುಂಡು ಬೀಳೋದು ಬಹಳ ಸಲ ಹೀಗೇ. ಕೋವಿ ಕೆಟ್ಟಿರೋದಿಲ್ಲ, ಕೈ ನಡುಗಿರೋದಿಲ್ಲ. ಬೆಳಗಿನಿಂದ ಕಾದ ಮನಸ್ಸು ಕಣ್ಣಿಗೆ ಮುಂಚೆ ಪ್ರಾಣಿಯನ್ನು ನೋಡಿಬಿಟ್ಟಿರುತ್ತದೆ. ಒಂದು ಕಪ್ಪು ತೇಪೆ ಕಂಡರೆ ಸಾಕು, ಉಳಿದ ಹಂದಿಯನ್ನು ಮನಸ್ಸೇ ಬರೆದುಕೊಳ್ಳುತ್ತದೆ.

ಅಮೆರಿಕದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಮೇನ್ ರಾಜ್ಯದ ಹರ್ಮನ್ ಎಂಬ ಊರಿನದು. ಅಲ್ಲಿನ ಕಾಡಿನ ಜಿಂಕೆಗೆ ಬಾಲದ ಅಡಿ ಬೆಳ್ಳಗೆ. ಹೆದರಿದರೆ ಬಾಲ ಎತ್ತಿ ಓಡುತ್ತದೆ, ಬಿಳಿ ಬಾವುಟ ಬೀಸಿದ ಹಾಗೆ. ಬೇಟೆಗಾರರ ಕಣ್ಣು ಹುಡುಕೋದೇ ಆ ಬಿಳಿಯನ್ನು. 1988ರ ನವೆಂಬರ್ 15ರಂದು 37 ವರ್ಷದ ಹೆಣ್ಣುಮಗಳೊಬ್ಬಳು ತನ್ನ ಮನೆಯ ಹಿತ್ತಲಿಗೆ ಬಂದಳು. ಚಳಿಗೆ ಕೈಗೆ ಬಿಳಿ ಗವಸು ಹಾಕಿದ್ದಳು. ಮನೆಯೊಳಗೆ ಅವಳಿ ಹೆಣ್ಣುಮಕ್ಕಳು, ಇನ್ನೂ ಕೂಸುಗಳು. ಹಿಂದಿನ ಕಾಡಿನಲ್ಲಿದ್ದ ಬೇಟೆಗಾರನಿಗೆ ಕಂಡಿದ್ದು ಜಿಂಕೆಯ ಬಾಲ. ದುರ್ಬೀನು ಕೂರಿಸಿದ ಕೋವಿ ಅವನದು. ಅದರಲ್ಲಿ ನೋಡಿಯೂ ಹೊಡೆದ.

ಆಕೆ ಸತ್ತಳು. ಊರಿನ ಎಷ್ಟೋ ಜನ ಆಕೆಯನ್ನೇ ಬೈದರು: ಬೇಟೆಯ ಕಾಲದಲ್ಲಿ ಕಿತ್ತಳೆ ಬಣ್ಣ ಹಾಕಿಕೊಳ್ಳದೆ ಹೊರಗೆ ಯಾಕೆ ಬಂದಳು? ತನ್ನದೇ ಹಿತ್ತಲಿಗೆ! 1990ರಲ್ಲಿ ಜ್ಯೂರಿ ಆ ಬೇಟೆಗಾರನನ್ನು ಬಿಟ್ಟುಬಿಟ್ಟಿತು. ಆದರೆ ಗಲಾಟೆ ತಣ್ಣಗಾಗಲಿಲ್ಲ. ಮಾರನೇ ವರ್ಷ ಮೇನ್ ಹೊಸ ಕಾನೂನು ತಂದಿತು. ಎದುರಿಗಿರುವುದು ತಾನು ಹೊಡೆಯಬೇಕಾದ ಪ್ರಾಣಿಯೇ ಎಂದು ಖಾತ್ರಿಯಾಗಬೇಕು, ಬರೀ ಬಿಳಿ ಚೂರೋ ಸದ್ದೋ ಅಲ್ಲ, ಪ್ರಾಣಿಯ ತಲೆ ಮತ್ತು ಮೈ ಕಾಣಬೇಕು. ಅದು ಕಾಣದೆ ಈಡು ಹೊಡೆದರೆ ತಪ್ಪು. ನಮ್ಮ ಚಿಕ್ಕಯ್ಯನಿಗೆ ನಾಯಿಯ ಬಾಲ ಹೇಳಿದ್ದನ್ನು ಅಲ್ಲಿ ಕಾನೂನಿನ ಬಾಯಲ್ಲಿ ಹೇಳಿಸಬೇಕಾಯಿತು.

ಈಗ ನಿಮ್ಮ ಮಗನಿರುವ ರಾಜ್ಯಕ್ಕೆ ಬರೋಣ. ವಿಸ್ಕಾನ್ಸಿನ್‌ನಲ್ಲಿ 1914ರಲ್ಲಿ ಬೇಟೆಗೆ ಹೋದವರು ಸುಮಾರು 1,55,000 ಜನ. ಆ ವರ್ಷ ಸತ್ತವರು 24, ಗಾಯಗೊಂಡವರು 26. 1966ರಲ್ಲೂ ಲಕ್ಷ ಬೇಟೆಗಾರರಿಗೆ 44 ಜನ ಗಾಯಗೊಳ್ಳುತ್ತಿದ್ದರು. ಈಗ ನವೆಂಬರಿನ ಒಂಬತ್ತು ದಿನದ ಕೋವಿ ಬೇಟೆಗೆ ಐದೂವರೆ, ಆರು ಲಕ್ಷ ಜನ ಹೊರಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಆ ಒಂಬತ್ತು ದಿನಗಳ ಗುಂಡಿನ ಅವಘಡ ಹತ್ತನ್ನು ಮುಟ್ಟುವುದೇ ಅಪರೂಪ. ಒಬ್ಬರೂ ಸಾಯದ ವರ್ಷಗಳೂ ಇವೆ. ಮಗ ಹೇಳಿದ "ಸೇಫ್" ಬಂದಿರೋದು ಇಲ್ಲಿಂದ.

ಇದು ತಾನಾಗಿ ಆದದ್ದಲ್ಲ. 1967ರಿಂದ ಅಲ್ಲಿ ಬೇಟೆಗಾರರಿಗೆ ಪಾಠ ಶುರುವಾಯಿತು. 1973ರ ಜನವರಿ 1 ಅಥವಾ ಅದರಾಚೆ ಹುಟ್ಟಿದವರು ಆ ಪಾಠ ಪಾಸಾಗದೆ ಬೇಟೆಯ ಲೈಸೆನ್ಸ್ ಪಡೆಯುವ ಹಾಗಿಲ್ಲ. ಹೊಸಬರಿಗೆ ಒಂದು ರಿಯಾಯಿತಿ ಇದೆ. ಅನುಭವಿ ಒಬ್ಬ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದರೆ ಪಾಠವಿಲ್ಲದೆಯೂ ಹೋಗಬಹುದು. ಪಾಠಕ್ಕೆ ದುಡ್ಡು ಎಲ್ಲಿಂದ ಅಂದರೆ, ಕೋವಿ ಮತ್ತು ತೋಟಾದ ಮೇಲೆ ಒಂದು ಕೇಂದ್ರ ತೆರಿಗೆ ಇದೆ, ಅದರ ಒಂದು ಪಾಲು. ಕೋವಿ ಮಾರಿದ ದುಡ್ಡಿನಲ್ಲೇ ಕೋವಿ ಹಿಡಿಯೋದನ್ನು ಕಲಿಸುತ್ತಾರೆ. ಈ ಲೆಕ್ಕ ನನಗೆ ಇಷ್ಟ.

ಪಾಠದ ತಿರುಳು ನಾಲ್ಕು ಮಾತು, ಅದನ್ನು ಮಗನ ಬಾಯಿಂದ ಹೇಳಿಸಿ. ಯಾವ ಕೋವಿಯನ್ನೂ ತುಂಬಿದ ಕೋವಿ ಎಂದೇ ತಿಳಿ. ನಳಿಗೆಯ ಬಾಯಿ ಯಾವಾಗಲೂ ಯಾರೂ ಇಲ್ಲದ ಕಡೆಗೆ ಇರಲಿ. ಗುರಿ ಏನು, ಅದರ ಹಿಂದೆ ಏನಿದೆ, ಎರಡೂ ಖಾತ್ರಿಯಾಗಲಿ. ಹೊಡೆಯುವ ಕ್ಷಣದವರೆಗೆ ಬೆರಳು ಕೋವಿಯ ಕುದುರೆಯ (ಟ್ರಿಗರ್) ಹತ್ತಿರ ಹೋಗದಿರಲಿ. ತಡವರಿಸಿದರೆ ಫೋನಿನಲ್ಲೇ ಗದರಿಸಿ.

ಇನ್ನು ಬಣ್ಣದ ವಿಷಯ. ಜಿಂಕೆ ಯಾಕೆ ಓಡಲ್ಲ ಅಂದರೆ, ಅದಕ್ಕೆ ಆ ಬಣ್ಣ ನಮಗೆ ಕಂಡ ಹಾಗೆ ಕಾಣಿಸೋದೇ ಇಲ್ಲ. ಕೆಂಪನ್ನು ಹಿಡಿಯುವ ಭಾಗ ಜಿಂಕೆಯ ಕಣ್ಣಿನಲ್ಲಿ ಇಲ್ಲ. ಕಿತ್ತಳೆ ಕೋಟು ಅದಕ್ಕೆ ಒಣ ಎಲೆಯ ಹಾಗೆ ಮಂಕು. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಓಡಿಸಬೇಕಾದರೆ ನಿಮ್ಮ ಮಗನ ಜೀನ್ಸ್ ಪ್ಯಾಂಟೇ ಓಡಿಸೀತು. ವಿಸ್ಕಾನ್ಸಿನ್‌ನಲ್ಲಿ 1945ರಿಂದ ಕೆಂಪು ಬಟ್ಟೆ ಹಾಕಬೇಕು ಅಂತಿತ್ತು. ಆದರೆ ಮಬ್ಬುಗತ್ತಲಲ್ಲಿ ಕೆಂಪು ನಮ್ಮ ಕಣ್ಣಿಗೂ ಕಪ್ಪಾಗಿಬಿಡುತ್ತದೆ. ಅದಕ್ಕೇ 1980ರಲ್ಲಿ ಈ ಕಣ್ಣು ಕುಕ್ಕುವ ಕಿತ್ತಳೆ ಬಂತು. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಆ ಬಣ್ಣ ಇರಬೇಕು, ಟೋಪಿ ಹಾಕಿದರೆ ಅದರಲ್ಲೂ. 2016ರಿಂದ ಗುಲಾಬಿಗೂ ಒಪ್ಪಿಗೆ ಇದೆ. ಕಾಡಿನಲ್ಲಿ ಯಾವ ಎಲೆ, ಯಾವ ಪ್ರಾಣಿಗೂ ಇಲ್ಲದ ಬಣ್ಣ ಅದು. ಅದರ ಮೇಲೆ ಮನಸ್ಸು ಹಂದಿಯನ್ನೋ ಜಿಂಕೆಯನ್ನೋ ಬರೆಯೋದು ಕಷ್ಟ. ನಮ್ಮ ಕಂಬಳಿ ಕೊಪ್ಪೆಗೆ ನೇರ ತದ್ವಿರುದ್ಧ.

ಆದರೆ ಬಣ್ಣವೇ ಕಾಪಾಡುತ್ತದೆ ಅಂತಲ್ಲ. 2006ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನಲ್ಲಿ ಬುರ್ಲಿ ಹಕ್ಕಿಯ ಬೇಟೆ ನಡೆದಿತ್ತು. ಆಗಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ ಹಾರುವ ಹಕ್ಕಿಯ ಜತೆ ಕೋವಿ ತಿರುಗಿಸುತ್ತಾ ಹೋಗಿ 78 ವರ್ಷದ ಗೆಳೆಯನ ಮುಖ, ಎದೆಗೆ ಚರೆ (ಸಣ್ಣ ಗುಂಡು) ಹೊಡೆದುಬಿಟ್ಟರು. ಗೆಳೆಯ ಕಿತ್ತಳೆ ಹಾಕಿಕೊಂಡೇ ಇದ್ದರು. ಪುಣ್ಯಕ್ಕೆ ಬದುಕಿದರು. ಓಡುವ ಜಿಂಕೆಯ ಹಿಂದೆ ನಳಿಗೆ ತಿರುಗಿದಾಗಲೂ ಇದೇ ಆಗುತ್ತದೆ. ವಿಸ್ಕಾನ್ಸಿನ್‌ನಲ್ಲೂ ಗುಂಪು ಕಟ್ಟಿ ಹಳು ನುಗ್ಗಿಸುವ ಪದ್ಧತಿ ಇದೆ, ಥೇಟ್ ನಮ್ಮ ಹಾಗೆ. ಒಂದಿಷ್ಟು ಜನ ಓಡಿಸೋದು, ಒಂದಿಷ್ಟು ಜನ ಬಿಲ್ಲಿಗೆ ನಿಲ್ಲೋದು. ನಿಮ್ಮ ಮಗ ಮೊದಲ ವರ್ಷ ಅದಕ್ಕೆ ಹೋಗೋದು ಬೇಡ. ಒಂದು ಕಡೆ ಕೂತು ಕಾಯಲಿ.

ಕೂರೋದು ಎಲ್ಲಿ? ಇಲ್ಲೇ ಅವನು ಹೇಳದೆ ಬಿಟ್ಟ ಇನ್ನೊಂದು ವಿಷಯ ಇದೆ. ಅಲ್ಲಿನವರು ಮರಕ್ಕೆ ಅಟ್ಟಣೆ ಕಟ್ಟಿ ಹದಿನೈದು, ಇಪ್ಪತ್ತು ಅಡಿ ಮೇಲೆ ಕೂರುತ್ತಾರೆ. ಜಿಂಕೆ ಬೇಟೆಯಲ್ಲಿ ಗುಂಡಿಗಿಂತ ಈ ಅಟ್ಟಣೆಯಿಂದ ಬಿದ್ದು ಪೆಟ್ಟಾಗೋದೇ ಜಾಸ್ತಿ. ನಸುಕಿನ ಚಳಿ, ಕೈ ಮರಗಟ್ಟಿರುತ್ತದೆ, ಮೆಟ್ಟಿಲ ಮೇಲೆ ಹಿಮ. ನಿಮಗೆ ನಾನು ಇದನ್ನು ವಿವರಿಸಬೇಕಿಲ್ಲ, ತೋಟದ ಮನೆಯವರು, ಅಡಿಕೆ ಕೊಯ್ಯುವ ಕೊನೆಗೌಡರು ಮರ ಹತ್ತೋದನ್ನು ವರ್ಷವರ್ಷ ನೋಡಿದವರು. ಅಡಿಕೆ ಕೊನೆಯನ್ನು ಹಗ್ಗದಲ್ಲಿ ಇಳಿಸುತ್ತಾರಲ್ಲ, ಅಲ್ಲಿ ಕೋವಿಯನ್ನು ಹಗ್ಗದಲ್ಲಿ ಏರಿಸಬೇಕು. ಖಾಲಿ ಮಾಡಿ, ನಳಿಗೆಯ ಬಾಯಿ ಕೆಳಗೆ ಮಾಡಿ ಕಟ್ಟಿ, ತಾನು ಸೊಂಟ-ಭುಜದ ಪಟ್ಟಿಯನ್ನು ಮರಕ್ಕೆ ಬಿಗಿದುಕೊಂಡೇ ಹತ್ತಿ ಕೂತ ಮೇಲೆ ಎಳೆದುಕೊಳ್ಳಬೇಕು. ಹೆಗಲಿಗೆ ಕೋವಿ ಹಾಕಿಕೊಂಡು ಹತ್ತಿದೆ ಅಂದರೆ ಪಾಠ ತಲೆಗೆ ಹತ್ತಿಲ್ಲ ಅಂತ ಅರ್ಥ.

ಮತ್ತೊಂದು ಜಾಗ, ಕಾರು. ದಿನವೆಲ್ಲ ಎಚ್ಚರವಾಗಿದ್ದವರು ಮನೆಗೆ ಹೊರಡುವಾಗ ಸಡಿಲವಾಗುತ್ತಾರೆ. 2022ರ ನವೆಂಬರಿನಲ್ಲಿ ಇದೇ ವಿಸ್ಕಾನ್ಸಿನ್‌ನಲ್ಲಿ ವಾಹನದಲ್ಲಿದ್ದ ಕೋವಿಯನ್ನು ಖಾಲಿ ಮಾಡುವಾಗ ಈಡು ಹಾರಿ ಹನ್ನೊಂದು ವರ್ಷದ ಹುಡುಗ ಸತ್ತ. ಕಾಡೂ ಇಲ್ಲ, ಜಿಂಕೆಯೂ ಇಲ್ಲ, ಕಿತ್ತಳೆ ಕೋಟಿನಿಂದ ಅಲ್ಲಿ ಏನೂ ಉಪಯೋಗವಿಲ್ಲ. ತುಂಬಿದ ಕೋವಿ ಕಾರಿನ ಹತ್ತಿರಕ್ಕೇ ಬರಬಾರದು.

ಕಾನೂನಿನ ಒಂದು ಮಾತು, ಬೇರೆ ಓದುಗರಿಗೂ ಬೇಕಾದೀತು. ಎಚ್-1ಬಿ ತರಹದ ಕೆಲಸದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. "ಗೆಳೆಯನ ಕೋವಿ ಸುಮ್ನೆ ಒಂದು ಸಲ ಹಿಡಿದೆ" ಅಂತ ಲೈಸೆನ್ಸ್ ಇಲ್ಲದೆ ಮುಟ್ಟೋದು ಬೇಡ. ವೀಸಾಕ್ಕೇ ಕುತ್ತು ಬಂದೀತು.

"ಅವರಿಗೆ ಇಷ್ಟೆಲ್ಲ ಯಾಕೆ, ನಮ್ಮಲ್ಲಿ ಬೇಟೆಯೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಾನು ಪೂರ್ತಿ ಒಪ್ಪಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ ಹೊಡೆಯೋದು ಅಪರಾಧ. ಅದು ಹಾಗೇ ಇರಲಿ, ಕಾಡಿನಲ್ಲಿ ಉಳಿದಿರೋದೇ ಅಷ್ಟು. ಆದರೆ ಬೆಳೆ ರಕ್ಷಣೆಯ ಕೋವಿಗಳು ಮಲೆನಾಡಿನ ಮನೆಗಳಲ್ಲಿ ಇನ್ನೂ ಇವೆ. ಕೊಡಗಿನಲ್ಲಿ ಕೋವಿಗೆ ಹೂ ಮುಡಿಸಿ ಕೈಲ್‌ಪೊಳ್ದ್ ಹಬ್ಬ ಮಾಡುತ್ತಾರೆ. ಈಗ ಅಲ್ಲಿ ಈಡು ಬೀಳೋದು ತೆಂಗಿನಕಾಯಿಗೆ, ನೋಡೋಕೂ ಚೆಂದ. ತೊಂದರೆ ಇರೋದು ರಾತ್ರಿ ಕದ್ದು ಹೋಗುವವರದು. ತಲೆಗೆ ಬ್ಯಾಟರಿ, ಮೈಗೆ ಕಪ್ಪು ಬಟ್ಟೆ. ಕದ್ದು ಹೋದವನು ಕಿತ್ತಳೆ ಹಾಕಿಕೊಂಡಾನಾ? ಜತೆಗಾರನಿಗೆ ಗುಂಡು ತಗುಲಿದರೆ ಆಸ್ಪತ್ರೆಯಲ್ಲಿ "ಬಿದ್ದ" ಅಂತಲೇ ಹೇಳುತ್ತಾರೆ. ಹೇಗಾಯಿತು ಎಂದು ಯಾರಿಗೂ ಗೊತ್ತಾಗಲ್ಲ, ಮುಂದಿನವನು ಕಲಿಯೋದೂ ಇಲ್ಲ. ವಿಸ್ಕಾನ್ಸಿನ್‌ನವರು ಒಂದೊಂದು ಅವಘಡವನ್ನೂ ಬರೆದಿಟ್ಟು, ಎಣಿಸಿ, ಪಾಠಕ್ಕೆ ಸೇರಿಸುತ್ತಾ ಬಂದದ್ದರಿಂದಲೇ ಲಕ್ಷಕ್ಕೆ 44 ಇದ್ದದ್ದು ಅಷ್ಟು ಕೆಳಗೆ ಇಳಿದಿದ್ದು.

ಕಾರಿನ ಹೋಲಿಕೆ ಬಗ್ಗೆ ಕೇಳಿದಿರಿ. ಲೆಕ್ಕದಲ್ಲಿ ಮಗ ಗೆಲ್ಲುತ್ತಾನೆ, ರಸ್ತೆಯಲ್ಲಿ ಸಾಯುವವರು ಎಷ್ಟೋ ಪಾಲು ಜಾಸ್ತಿ. ಆದರೆ ಕಾರನ್ನು ಅವನು ದಿನಾ ಓಡಿಸುತ್ತಾನೆ, ಕೋವಿ ಹಿಡಿಯೋದು ಮೊದಲ ಸಲ. ಈ ಜಗಳದಲ್ಲಿ ನಾನು ನಿಮ್ಮ ಕಡೆ.

ಬೇಡ ಅಂದರೆ ಹೇಗೂ ಹೋಗುತ್ತಾನೆ. ಹೋಗಲಿ. ಅಲ್ಲಿನ ಬೇಟೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಅವನು ನಸುಕಿನಲ್ಲಿ ಅಟ್ಟಣೆ ಹತ್ತಿ ಕೂರುವ ಹೊತ್ತಿಗೆ ನಿಮ್ಮಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ಅಲ್ಲಿ ಕತ್ತಲಾಗಿ ಕೆಳಗಿಳಿಯುವಾಗ ನಿಮ್ಮಲ್ಲಿ ಬೆಳಗಿನ ಜಾವ ನಾಲ್ಕು, ನಾಲ್ಕೂವರೆ. ನಿಮಗೆ ಹೇಗೂ ಎಚ್ಚರ ಇರುತ್ತದೆ. ಕಾರು ಹತ್ತುವ ಮುಂಚೆ ಒಂದು ಮೆಸೇಜು ಹಾಕು ಅಂತ ಹೇಳಿ. ಫೋಟೊ, ಜಿಂಕೆಯ ವರ್ಣನೆ ಏನೂ ಬೇಡ. "ಕೋವಿ ಖಾಲಿ" ಅಂತ ಎರಡು ಪದ ಬರಲಿ.

ಸಂಪಾದಕ